ಹಳೆ ಮನೆ ಕೊಟ್ಟು ಹೊಸ ಮನೆ: ಇಂಗ್ಲೆಂಡಿನ ಬಿಲ್ಡರ್ ಜೊತೆ ಪಾರ್ಟ್ ಎಕ್ಸ್‌ಚೇಂಜ್ ಚೌಕಾಸಿ

ಹಳೆಯ ಬಳೆ ಕೊಟ್ಟು ಹೊಸ ಬಳೆ ತರಲು ಚಿನ್ನದಂಗಡಿಗೆ ಹೋದವರಿಗೆ ಈ ಆಟ ಗೊತ್ತು. ಹಳೆಯದಕ್ಕೆ ಒಳ್ಳೆಯ ದರ ಹಾಕಿದ ಅಂಗಡಿಯವರು ಹೊಸದರ ಮಜೂರಿ, ವೇಸ್ಟೇಜಿನಲ್ಲಿ ಅದನ್ನು ವಾಪಸು ಪಡೆಯುತ್ತಾರೆ. ಮಜೂರಿ ಬಿಟ್ಟುಕೊಟ್ಟವರು ಹಳೆಯದರ ತೂಕದಲ್ಲಿ ಕಳೆಯುತ್ತಾರೆ. ಜಾಣ ಗಿರಾಕಿ ಎರಡೂ ದರಗಳನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾಳೆ: ‘ಎಲ್ಲ ಸರಿ, ನಾನು ಕೈಯಿಂದ ಎಷ್ಟು ಹಾಕಬೇಕು?’ ಇಂಗ್ಲೆಂಡಿನಲ್ಲಿ ಹೊಸ ಮನೆ ಕಟ್ಟಿ ಮಾರುವ ಕಂಪನಿಗಳು ಪಾರ್ಟ್ ಎಕ್ಸ್‌ಚೇಂಜ್ ಎಂಬ ಹೆಸರಿನಲ್ಲಿ ನಡೆಸುವುದೂ ಇದೇ ವ್ಯಾಪಾರ. ಇಲ್ಲಿ ಮೊತ್ತ ದೊಡ್ಡದು, ಕಾಗದಪತ್ರ ಹೆಚ್ಚು. ಆ ಕಡೆ ಕುಳಿತವರು ಇಂಥ ವ್ಯವಹಾರವನ್ನು ವಾರಕ್ಕೊಮ್ಮೆ ಮಾಡುತ್ತಾರೆ, ಈ ಕಡೆಯವರು ಜೀವಮಾನದಲ್ಲಿ ಒಮ್ಮೆ.

ವ್ಯವಸ್ಥೆ ಸರಳವಾಗಿದೆ. ನೀವು ವಾಸವಿರುವ ಮನೆಯನ್ನು ಬಿಲ್ಡರ್ ಕೊಳ್ಳುತ್ತಾರೆ, ಬಿಲ್ಡರ್ ಕಟ್ಟಿದ ಮನೆಯನ್ನು ನೀವು ಕೊಳ್ಳುತ್ತೀರಿ. ಎರಡೂ ಒಂದೇ ದಿನ ಮುಗಿಯುತ್ತವೆ. ನೀವು ವ್ಯತ್ಯಾಸದ ಹಣ ಕೊಡುತ್ತೀರಿ. ಬ್ಯಾರಟ್, ಪರ್ಸಿಮನ್, ಟೇಲರ್ ವಿಂಪಿ, ಬೆಲ್‌ವೇ ಮುಂತಾದ ದೊಡ್ಡ ಬಿಲ್ಡರ್‌ಗಳಲ್ಲಿ ಇದು ಹಳೆಯ ಪದ್ಧತಿ. ಕೆಲವು ಕಂಪನಿಗಳ ವಾರ್ಷಿಕ ವರದಿಯ ದಾಸ್ತಾನು ಲೆಕ್ಕದಲ್ಲಿ ಹೀಗೆ ಕೊಂಡ ಹಳೆ ಮನೆಗಳಿಗೆಂದೇ ಪ್ರತ್ಯೇಕ ಸಾಲು ಇರುತ್ತದೆ. ಹೊಸ ಮನೆ ಕೊಳ್ಳುವವರಿಗೆ ಸರ್ಕಾರ ಕೊಡುತ್ತಿದ್ದ ‘ಹೆಲ್ಪ್ ಟು ಬೈ’ ಸಾಲ ಇಂಗ್ಲೆಂಡಿನಲ್ಲಿ 2023ರ ಮಾರ್ಚ್‌ಗೆ ಪೂರ್ತಿ ಮುಗಿದ ಮೇಲೆ, ಗಿರಾಕಿಗಳನ್ನು ಸೆಳೆಯಲು ಬಿಲ್ಡರ್‌ಗಳು ತಮ್ಮದೇ ಕೊಡುಗೆಗಳನ್ನು ನೆಚ್ಚಿಕೊಳ್ಳಬೇಕಾಯಿತು. ಪಾರ್ಟ್ ಎಕ್ಸ್‌ಚೇಂಜ್ ಅವುಗಳಲ್ಲಿ ಮುಖ್ಯವಾದದ್ದು.

ಜನ ಇದರತ್ತ ಏಕೆ ಹೋಗುತ್ತಾರೆಂದು ತಿಳಿಯಲು ಅಲ್ಲಿನ ‘ಚೈನ್’ ಅರ್ಥವಾಗಬೇಕು. ನಿಮ್ಮ ಮನೆ ಕೊಳ್ಳುವವರು ತಮ್ಮ ಮನೆ ಮಾರಬೇಕು, ಅದನ್ನು ಕೊಳ್ಳುವವರು ಇನ್ನೊಂದನ್ನು ಮಾರಬೇಕು. ಹೀಗೆ ನಾಲ್ಕೈದು ಕುಟುಂಬಗಳು ಒಂದೇ ಸರಪಳಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಕರಾರುಪತ್ರ ವಿನಿಮಯವಾಗುವವರೆಗೆ ಯಾರಿಗೂ ಕಾನೂನಿನ ಕಟ್ಟಿಲ್ಲ. ಕೊನೆಯ ವಾರದಲ್ಲಿ ಒಬ್ಬರು ಹಿಂದೆ ಸರಿದರೆ ಎಲ್ಲರ ಪೆಟ್ಟಿಗೆಗಳೂ ಮತ್ತೆ ಬಿಚ್ಚಬೇಕು. ಪಾರ್ಟ್ ಎಕ್ಸ್‌ಚೇಂಜ್‌ನಲ್ಲಿ ಈ ಸರಪಳಿಯೇ ಇಲ್ಲ. ಎಸ್ಟೇಟ್ ಏಜೆಂಟ್‌ಗೆ ಕಮಿಷನ್ ಇಲ್ಲ, ಹೊಸ ಮನೆ ಸಿದ್ಧವಾಗುವವರೆಗೆ ಹಳೆಯದರಲ್ಲೇ ಇರಬಹುದು. ಈ ನೆಮ್ಮದಿಗೆ ನಿಜವಾದ ಬೆಲೆ ಇದೆ. ಎಷ್ಟು ಬೆಲೆ ಎಂದು ಲೆಕ್ಕ ಹಾಕದೆ ಸಹಿ ಹಾಕುವುದರಲ್ಲಿ ತೊಂದರೆ ಇದೆ.

ಯಾವ ಮನೆಯನ್ನಾದರೂ ಅವರು ತೆಗೆದುಕೊಳ್ಳುವುದಿಲ್ಲ. ನಿಮ್ಮ ಮನೆಯ ಬೆಲೆ ಹೊಸ ಮನೆಯ ಬೆಲೆಯ ಸುಮಾರು ಶೇ 70ರೊಳಗೆ ಇರಬೇಕೆಂಬುದು ಸಾಮಾನ್ಯ ಷರತ್ತು. ಕೆಲವರು ಇನ್ನಷ್ಟು ಸಡಿಲಿಸುತ್ತಾರೆ. ಲೀಸ್ ಅವಧಿ ಕಡಿಮೆ ಉಳಿದಿರುವ ಫ್ಲ್ಯಾಟ್, ಹೊರಗೋಡೆಯ ಹೊದಿಕೆಯ ಬೆಂಕಿ ಸುರಕ್ಷತೆ ಇತ್ಯರ್ಥವಾಗದ ಕಟ್ಟಡ, ಸಾಮಾನ್ಯವಲ್ಲದ ವಿಧಾನದಲ್ಲಿ ಕಟ್ಟಿದ ಮನೆ ಇವುಗಳನ್ನು ಮುಟ್ಟಲು ಹಿಂಜರಿಯುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯನ್ನೂ ಅಷ್ಟೆ, ಅದಕ್ಕೆ ತೆರಿಗೆಯ ಕಾರಣವಿದೆ. ಪಾರ್ಟ್ ಎಕ್ಸ್‌ಚೇಂಜ್‌ನಲ್ಲಿ ಹಳೆ ಮನೆ ಕೊಳ್ಳುವ ಬಿಲ್ಡರ್‌ಗೆ 2003ರ ಹಣಕಾಸು ಕಾಯ್ದೆಯ ಪ್ರಕಾರ ಸ್ಟ್ಯಾಂಪ್ ಡ್ಯೂಟಿಯಿಂದ ವಿನಾಯಿತಿ ಸಿಗುತ್ತದೆ. ಆದರೆ ಮಾರುವವರು ಹಿಂದಿನ 2 ವರ್ಷಗಳಲ್ಲಿ ಯಾವಾಗಲಾದರೂ ಅದರಲ್ಲಿ ಮುಖ್ಯ ವಾಸಸ್ಥಳವಾಗಿ ಇದ್ದಿರಬೇಕು, ಹೊಸ ಮನೆಯಲ್ಲೂ ಹಾಗೆಯೇ ವಾಸಿಸುವ ಉದ್ದೇಶವಿರಬೇಕು. ಈ ವಿನಾಯಿತಿ ತಪ್ಪಿದರೆ ಬಿಲ್ಡರ್‌ನ ಲೆಕ್ಕವೇ ಬುಡಮೇಲಾಗುತ್ತದೆ.

ನಿಮ್ಮ ಮನೆಗೆ ಬೆಲೆ ಕಟ್ಟುವ ರೀತಿ

ನೀವು ಆಸಕ್ತಿ ತೋರಿಸಿದ ಮೇಲೆ ಬಿಲ್ಡರ್ ಸ್ಥಳೀಯ ಎಸ್ಟೇಟ್ ಏಜೆಂಟ್‌ಗಳಲ್ಲಿ ಎರಡು ಮೂರು ಮಂದಿಯನ್ನು ನಿಮ್ಮ ಮನೆಗೆ ಕಳಿಸುತ್ತಾರೆ. ಸ್ವತಂತ್ರ ಮೌಲ್ಯಮಾಪನ ಎಂದು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಆ ಏಜೆಂಟ್‌ಗಳಿಗೆ ಕೇಳಿದ ಪ್ರಶ್ನೆ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ‘ಈ ಮನೆಗೆ ಮಾರುಕಟ್ಟೆಯಲ್ಲಿ ಎಷ್ಟು ಬರಬಹುದು’ ಎಂದು ಕೇಳಿದರೆ ಒಂದು ಅಂಕಿ ಬರುತ್ತದೆ, ‘ಕೆಲವೇ ವಾರಗಳಲ್ಲಿ ಖಂಡಿತ ಮಾರಾಟವಾಗಬೇಕಾದರೆ ಎಷ್ಟಕ್ಕೆ ಕೊಡಬೇಕು’ ಎಂದು ಕೇಳಿದರೆ ಇನ್ನೊಂದು. ಬಿಲ್ಡರ್‌ಗೆ ಬೇಕಾದದ್ದು ಎರಡನೆಯದು. ನಿಮ್ಮ ಮನೆಯನ್ನು ಕೈಯಲ್ಲಿ ಇಟ್ಟುಕೊಂಡಷ್ಟು ದಿನ ಅವರ ಬಂಡವಾಳ ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಕೌನ್ಸಿಲ್ (ಸ್ಥಳೀಯ ಆಡಳಿತ) ತೆರಿಗೆ, ವಿಮೆ, ಏಜೆಂಟ್ ಕಮಿಷನ್ ಎಲ್ಲ ಅವರ ತಲೆಯ ಮೇಲೆ. ಇನ್ನು ಆ ಏಜೆಂಟ್‌ಗಳಲ್ಲಿ ಒಬ್ಬರಿಗೆ ನಾಳೆ ಅದೇ ಮನೆಯನ್ನು ಬಿಲ್ಡರ್ ಪರವಾಗಿ ಮಾರುವ ಕೆಲಸ ಸಿಗುತ್ತದೆ. ಬೆಲೆ ಕಡಿಮೆಯಿದ್ದಷ್ಟೂ ಅವರಿಗೆ ಮಾರುವುದು ಸುಲಭ.

ಇದರಲ್ಲಿ ಮೋಸವೇನೂ ಇಲ್ಲ, ಆದರೆ ನಿಮ್ಮ ಕೈಯಲ್ಲೂ ಅಂಕಿಗಳಿರಬೇಕು. ಮಾರಾಟ ಕಚೇರಿಗೆ ಹೋಗುವ ಮೊದಲೇ ನಿಮ್ಮ ಬೀದಿಯಲ್ಲಿ ಚುರುಕಾಗಿ ಮಾರುವ ಮೂವರು ಏಜೆಂಟ್‌ಗಳನ್ನು ಕರೆಯಿರಿ. ಅವರು ಸಾಮಾನ್ಯವಾಗಿ ಪುಕ್ಕಟೆಯಾಗಿ ಬರುತ್ತಾರೆ. ಜಾಹೀರಾತಿನಲ್ಲಿ ಹಾಕುವ ಬೆಲೆ, ನಿಜವಾಗಿ ಕೈಗೆ ಬರಬಹುದಾದ ಬೆಲೆ, ಆರೆಂಟು ವಾರಗಳಲ್ಲಿ ಮಾರಲು ಇಳಿಸಬೇಕಾದ ಬೆಲೆ, ಈ ಮೂರನ್ನೂ ಬೇರೆ ಬೇರೆಯಾಗಿ ಬರೆದು ಕೊಡಲು ಹೇಳಿ. ಜೊತೆಗೆ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ (ಸರ್ಕಾರದ ಆಸ್ತಿ ನೋಂದಣಿ ಕಚೇರಿ) ನಿಮ್ಮ ಬೀದಿಯ ಮನೆಗಳು ಕಳೆದ ಒಂದೆರಡು ವರ್ಷಗಳಲ್ಲಿ ಎಷ್ಟಕ್ಕೆ ಹೋದವೆಂದು ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಾರಾಟ ಬೆಲೆಗಳು ಅಲ್ಲಿ ಯಾರಿಗೂ ತೆರೆದಿವೆ. ನಮ್ಮಲ್ಲಿ ನೋಂದಣಿ ಬೆಲೆ ಒಂದು, ಕೊಟ್ಟ ಬೆಲೆ ಇನ್ನೊಂದು ಎಂಬುದಕ್ಕೆ ಒಗ್ಗಿದವರಿಗೆ ಇದು ತುಸು ವಿಚಿತ್ರವಾಗಿ ಕಂಡೀತು, ಆದರೆ ಚೌಕಾಸಿಗೆ ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ. ಬಿಲ್ಡರ್‌ನ ಮೊದಲ ಅಂಕಿ ಬಂದಾಗ ‘ಕಡಿಮೆಯಾಯಿತು’ ಎಂದಷ್ಟೇ ಹೇಳಿದರೆ ಅದು ಗೊಣಗಾಟ. ‘ಎರಡು ಬಾಗಿಲು ಆಚೆಯ ಮನೆ, ಇದೇ ಅಳತೆ, ಕಳೆದ ವರ್ಷ ಇಷ್ಟಕ್ಕೆ ಹೋಗಿದೆ; ಅದರ ಅಡುಗೆಮನೆ ಹಳೆಯದು, ನಮ್ಮದು ಹೊಸದು’ ಎಂದರೆ ಅವರು ಮತ್ತೊಮ್ಮೆ ಏಜೆಂಟ್‌ಗೆ ಫೋನ್ ಮಾಡಬೇಕಾಗುತ್ತದೆ.

ಎರಡು ಬೆಲೆ, ಒಂದು ವ್ಯತ್ಯಾಸ

ಲೆಕ್ಕವೊಂದನ್ನು ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ, ತೆರಿಗೆ ದರಗಳು 2025ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿ ಜಾರಿಯಾದವು. ಹೊಸ ಮನೆಯ ಫಲಕದ ಬೆಲೆ, ಅಂದರೆ ಬಿಲ್ಡರ್ ಬರೆದು ಹಾಕಿದ ಬೆಲೆ, 4 ಲಕ್ಷ ಪೌಂಡ್. ನಿಮ್ಮ ಹಳೆ ಮನೆಗೆ ಬಿಲ್ಡರ್ 2.45 ಲಕ್ಷ ಕೊಡುತ್ತೇನೆ ಎನ್ನುತ್ತಾರೆ. ವ್ಯತ್ಯಾಸ 1.55 ಲಕ್ಷ. ಇದರ ಮೇಲೆ ಸ್ಟ್ಯಾಂಪ್ ಡ್ಯೂಟಿ. ಅದನ್ನು ವ್ಯತ್ಯಾಸದ ಮೇಲಲ್ಲ, ಹೊಸ ಮನೆಯ ಪೂರ್ತಿ ಬೆಲೆಯ ಮೇಲೆ ಹಾಕುತ್ತಾರೆ. ಮೊದಲ 1.25 ಲಕ್ಷಕ್ಕೆ ಏನೂ ಇಲ್ಲ, ಮುಂದಿನ 1.25 ಲಕ್ಷಕ್ಕೆ ಶೇ 2, ಆಮೇಲೆ 9.25 ಲಕ್ಷದವರೆಗೆ ಶೇ 5. ಅಂದರೆ 2,500 ಮತ್ತು 7,500 ಸೇರಿ 10,000 ಪೌಂಡ್. ನಿಮಗೆ ಬೀಳುವ ಹೊರೆ 1,65,000 ಪೌಂಡ್.

ಈಗ ಇನ್ನೊಂದು ದಾರಿ. ಅದೇ ಹಳೆ ಮನೆಯನ್ನು ನೀವೇ ಮಾರುಕಟ್ಟೆಯಲ್ಲಿ 2.55 ಲಕ್ಷಕ್ಕೆ ಮಾರಿದಿರಿ ಎಂದುಕೊಳ್ಳೋಣ. ಏಜೆಂಟ್ ಕಮಿಷನ್ ಶೇ 1.5, ಅದರ ಮೇಲೆ ಶೇ 20 ವ್ಯಾಟ್: ಒಟ್ಟು 4,590. ಕೈಗೆ ಬಂದದ್ದು 2,50,410. ಮಾರಲು ಮನೆಯಿಲ್ಲದ ಗಿರಾಕಿಯಾಗಿ ಬಿಲ್ಡರ್ ಬಳಿ ಹೋಗಿ ಶೇ 5 ಇಳಿಸಿಕೊಂಡರೆ ಹೊಸ ಮನೆ 3.8 ಲಕ್ಷ, ಸ್ಟ್ಯಾಂಪ್ ಡ್ಯೂಟಿ 9,000. ಈ ದಾರಿಯ ಹೊರೆ 1,38,590. ಎರಡರ ಅಂತರ 26,410 ಪೌಂಡ್.

ಹಳೆ ಮನೆಯ ಮೇಲೆ ಕಂಡ ನಷ್ಟ ಬರೀ 10,000 ಇದ್ದಂತೆ ತೋರುತ್ತದೆ, ಏಜೆಂಟ್ ಕಮಿಷನ್ ಕಳೆದರೆ ಇನ್ನೂ ಕಡಿಮೆ. ದೊಡ್ಡ ಪಾಲು ಹೋದದ್ದು ಹೊಸ ಮನೆಯ ಬೆಲೆಯಲ್ಲಿ, ಕೇಳಬಹುದಾಗಿದ್ದ ರಿಯಾಯಿತಿ ಕೇಳದೇ ಹೋದದ್ದರಲ್ಲಿ. ಪಾರ್ಟ್ ಎಕ್ಸ್‌ಚೇಂಜ್ ಕೊಟ್ಟ ಮೇಲೆ ಬೇರೆ ಕೊಡುಗೆ ಇಲ್ಲ ಎಂಬುದು ಬಹುತೇಕ ಬಿಲ್ಡರ್‌ಗಳ ನಿಯಮ. ಗಿರಾಕಿಯ ಗಮನವೆಲ್ಲ ತನ್ನ ಹಳೆ ಮನೆಗೆ ನ್ಯಾಯ ಸಿಕ್ಕಿತೇ ಎಂಬುದರ ಮೇಲಿರುತ್ತದೆ. ಆ ಮನೆಯ ಜೊತೆ ಮಕ್ಕಳು ಬೆಳೆದ ನೆನಪು, ಸಾಲ ತೀರಿಸಿದ ಹೆಮ್ಮೆ ಎಲ್ಲ ಇರುತ್ತದಲ್ಲ! ಆದ್ದರಿಂದ ಅಲ್ಲಿ ಎರಡು ಸಾವಿರ ಏರಿಸಿಕೊಂಡು ಗೆದ್ದೆವೆಂದು ಬರುತ್ತಾರೆ, ಹೊಸ ಮನೆಯ ಫಲಕದ ಬೆಲೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಹಾಗಾದರೆ ಆ 26,410 ಪೂರ್ತಿ ದಂಡವೇ? ಅಲ್ಲ. ಎರಡನೆಯ ದಾರಿಯಲ್ಲಿ ಮನೆ 2.55 ಲಕ್ಷಕ್ಕೆ ಹೋಗುತ್ತದೆಂಬ ಖಾತರಿಯಿಲ್ಲ. ಬಿಲ್ಡರ್ ಶೇ 5 ಇಳಿಸುತ್ತಾರೆಂಬ ಖಾತರಿಯೂ ಇಲ್ಲ. ಮಾರಿದ ಮೇಲೆ ಹೊಸದು ಸಿದ್ಧವಾಗದಿದ್ದರೆ ಬಾಡಿಗೆ ಮನೆ, ಎರಡು ಸಲ ಸಾಗಾಣಿಕೆ. ಮಗುವಿಗೆ ಶಾಲೆ ಸಿಗಬೇಕಾದರೆ ನಿಗದಿತ ದಿನಾಂಕದೊಳಗೆ ಹೊಸ ವಿಳಾಸ ಬೇಕು ಎಂಬ ಒತ್ತಡವಿದ್ದರೆ ಲೆಕ್ಕವೇ ಬೇರೆ. ಎರಡೂ ಅಂಕಿಗಳನ್ನು ಮುಂದಿಟ್ಟುಕೊಂಡು ನೆಮ್ಮದಿಗೆ ನಾನು ಇಷ್ಟು ಕೊಡಲು ಸಿದ್ಧ ಎಂದು ತೀರ್ಮಾನಿಸಿದವರ ಬಗ್ಗೆ ನನ್ನ ತಕರಾರಿಲ್ಲ.

ಆದ್ದರಿಂದ ಕೇಳುವ ಕ್ರಮ ಮುಖ್ಯ. ಮೊದಲ ಭೇಟಿಯಲ್ಲೇ ‘ಪಾರ್ಟ್ ಎಕ್ಸ್‌ಚೇಂಜ್ ಇದೆಯೇ?’ ಎಂದು ಬಾಯಿ ಬಿಟ್ಟರೆ ಉಳಿದ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ‘ನನಗೆ ಮಾರಲು ಮನೆಯಿಲ್ಲ ಎಂದುಕೊಳ್ಳಿ, ಈ ಮನೆಗೆ ನಿಮ್ಮ ಕಡೆಯ ಬೆಲೆ ಎಷ್ಟು?’ ಎಂದು ಆರಂಭಿಸಿ. ಆ ಅಂಕಿ ಬಂದ ಮೇಲೆ ಹಳೆ ಮನೆಯ ಮಾತು ತೆಗೆಯಿರಿ. ಮೂರನೆಯದಾಗಿ ‘ಅಸಿಸ್ಟೆಡ್ ಮೂವ್’ ಬಗ್ಗೆ ಕೇಳಿ. ಇದರಲ್ಲಿ ಬಿಲ್ಡರ್ ನಿಮ್ಮ ಮನೆಯನ್ನು ಕೊಳ್ಳುವುದಿಲ್ಲ. ಅದನ್ನು ಮಾರುಕಟ್ಟೆಯಲ್ಲಿ ಮಾರಲು ಏಜೆಂಟ್ ಕಮಿಷನ್ ಅವರೇ ಕೊಟ್ಟು, ಕೆಲವು ವಾರ ಹೊಸ ಮನೆಯನ್ನು ನಿಮಗಾಗಿ ಕಾದಿರಿಸುತ್ತಾರೆ. ಮನೆ ಬೇಗ ಮಾರಾಟವಾಗುವ ಬೀದಿಯಲ್ಲಿದ್ದರೆ ನನ್ನ ಪ್ರಕಾರ ಪಾರ್ಟ್ ಎಕ್ಸ್‌ಚೇಂಜ್‌ಗಿಂತ ಇದೇ ವಾಸಿ. ಮೂರನ್ನೂ ಇಮೇಲ್‌ನಲ್ಲಿ ಬರೆಸಿಕೊಂಡು ಮನೆಗೆ ಬಂದು, ಕೈಯಿಂದ ಹಾಕಬೇಕಾದ ಹಣವೆಷ್ಟು ಎಂಬ ಒಂದೇ ಸಾಲಿನಲ್ಲಿ ಹೋಲಿಸಿ.

ಒಂದೇ ವ್ಯತ್ಯಾಸ, ಬೇರೆ ಬೇರೆ ಸಾಲ

ವ್ಯತ್ಯಾಸವನ್ನೇ ನೋಡಿ ಎಂದೆ. ಅದು ಮೊದಲ ಪಾಠ. ವ್ಯತ್ಯಾಸ ಒಂದೇ ಇದ್ದರೂ ಅದು ಯಾವ ಕಡೆಯಿಂದ ಇಳಿಯಿತು ಎಂಬುದರಿಂದ ಬ್ಯಾಂಕಿನ ಲೆಕ್ಕ ಬದಲಾಗುವುದು ಎರಡನೆಯ ಪಾಠ, ಮತ್ತು ಇದನ್ನು ಮಾರಾಟ ಕಚೇರಿಯಲ್ಲಿ ಯಾರೂ ವಿವರಿಸುವುದಿಲ್ಲ.

ಮೇಲಿನ ಉದಾಹರಣೆಯಲ್ಲಿ ಹಳೆ ಮನೆಯ ಮೇಲೆ ಇನ್ನೂ 1.5 ಲಕ್ಷ ಸಾಲವಿದೆ ಎಂದಿಟ್ಟುಕೊಳ್ಳಿ. ಸ್ಟ್ಯಾಂಪ್ ಡ್ಯೂಟಿಯನ್ನು ಉಳಿತಾಯದಿಂದ ಕಟ್ಟುತ್ತೀರಿ. ಬಿಲ್ಡರ್ 2.45 ಲಕ್ಷ ಕೊಟ್ಟರೆ ಸಾಲ ತೀರಿ ನಿಮಗೆ ಉಳಿಯುವುದು 95,000. ಹೊಸ ಮನೆಗೆ ಬೇಕಾದ ಸಾಲ 3.05 ಲಕ್ಷ, ಅಂದರೆ ಮನೆಯ ಬೆಲೆಯ ಶೇ 76.25. ಅಲ್ಲಿನ ಬ್ಯಾಂಕುಗಳು ಬಡ್ಡಿದರವನ್ನು ಮೆಟ್ಟಿಲುಗಳಂತೆ ಇಡುತ್ತವೆ, ಬೆಲೆಯಲ್ಲಿ ಸಾಲದ ಪಾಲು ಹೆಚ್ಚಾದಂತೆ ಬಡ್ಡಿಯೂ ಮೆಟ್ಟಿಲು ಹತ್ತುತ್ತದೆ. ಶೇ 75 ಅಂಥ ಒಂದು ಮೆಟ್ಟಿಲು, ಶೇ 80, 85, 90 ಇನ್ನು ಕೆಲವು. ನೀವು ಸ್ವಲ್ಪದರಲ್ಲೇ ಮೇಲಿನ ಮೆಟ್ಟಿಲಲ್ಲಿ ಉಳಿದಿರಿ.

ಈಗ 7,000 ಪೌಂಡ್‌ಗೆ ಚೌಕಾಸಿ ಮಾಡಿ ಗೆದ್ದಿರಿ ಎನ್ನೋಣ. ಅದನ್ನು ಹಳೆ ಮನೆಯ ಬೆಲೆಗೆ ಸೇರಿಸಿ 2.52 ಲಕ್ಷ ಮಾಡಿದರೆ ನಿಮ್ಮ ಪಾಲು 1.02 ಲಕ್ಷ, ಸಾಲ 2.98 ಲಕ್ಷ, ಅದು 4 ಲಕ್ಷದ ಶೇ 74.5. ಮೆಟ್ಟಿಲು ಇಳಿದಿರಿ. ಅದೇ 7,000ವನ್ನು ಹೊಸ ಮನೆಯ ಬೆಲೆಯಲ್ಲಿ ಇಳಿಸಿಕೊಂಡು 3.93 ಲಕ್ಷ ಮಾಡಿದರೆ ಸಾಲ ಅಷ್ಟೇ, 2.98 ಲಕ್ಷ. ಆದರೆ ಅದು 3.93 ಲಕ್ಷದ ಶೇ 75.8. ಸ್ಟ್ಯಾಂಪ್ ಡ್ಯೂಟಿಯಲ್ಲಿ 350 ಪೌಂಡ್ ಉಳಿಯಿತು, ಬಡ್ಡಿಯ ಮೆಟ್ಟಿಲು ತಪ್ಪಿತು. ಎರಡೂ ಸಂದರ್ಭಗಳಲ್ಲಿ ವ್ಯತ್ಯಾಸ 1.48 ಲಕ್ಷವೇ! ಇಲ್ಲಿ ಹಳೆ ಮನೆಗೆ ನಿಮಗೆ ಬೇಕಾದ ಅಂಕಿ 2.5 ಲಕ್ಷ, ಏಕೆಂದರೆ ಅಲ್ಲಿ ಸಾಲ ಸರಿಯಾಗಿ ಶೇ 75ಕ್ಕೆ ಬರುತ್ತದೆ. ಚೌಕಾಸಿಗೆ ಕೂರುವ ಮೊದಲೇ ಮಾರ್ಟ್‌ಗೇಜ್ ಸಲಹೆಗಾರರ ಜೊತೆ ಕುಳಿತು ನಿಮ್ಮ ಮೆಟ್ಟಿಲು ಯಾವ ಅಂಕಿಯಲ್ಲಿದೆ ಎಂದು ತಿಳಿದುಕೊಳ್ಳಿ. ಹಳೆ ಸಾಲವನ್ನು ಅವಧಿಗೆ ಮುನ್ನ ತೀರಿಸುವುದಕ್ಕೆ ದಂಡವಿದೆಯೇ, ಅದನ್ನು ಹೊಸ ಮನೆಗೆ ವರ್ಗಾಯಿಸಬಹುದೇ ಎಂದೂ ಆಗಲೇ ಕೇಳಿ.

ಒಂದು ಎಚ್ಚರಿಕೆ. ಬ್ಯಾಂಕಿನ ಮೌಲ್ಯಮಾಪಕರು ಹೊಸ ಮನೆಗೆ 4 ಲಕ್ಷ ಬೆಲೆಯಿಲ್ಲ, 3.85 ಎಂದು ಬರೆದರೆ ಈ ಶೇಕಡಾವಾರು ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹೊಸ ಮನೆಗಳಿಗೆ ಹಾಗಾಗುವುದು ಅಪರೂಪವಲ್ಲ. ಅಂಥ ವರದಿ ಬಂದರೆ ಗಾಬರಿಯಾಗಬೇಡಿ, ಬಿಲ್ಡರ್ ಮೇಜಿನ ಮೇಲೆ ಇಡಿ. ಅದಕ್ಕಿಂತ ಒಳ್ಳೆಯ ಚೌಕಾಸಿ ಪತ್ರ ನಿಮಗೆ ಬೇರೆ ಸಿಗುವುದಿಲ್ಲ.

ಫಲಕದ ಬೆಲೆ ಏಕೆ ಅಲ್ಲಾಡುವುದಿಲ್ಲ

ಬಿಲ್ಡರ್ 10,000 ಪೌಂಡ್ ಬೆಲೆಬಾಳುವ ವಸ್ತುಗಳನ್ನು ಕೊಟ್ಟಾರು, 10,000 ಬೆಲೆ ಇಳಿಸಲು ಒದ್ದಾಡುತ್ತಾರೆ. ಹೊಸಬರಿಗೆ ಇದು ಹಠದಂತೆ ಕಾಣುತ್ತದೆ. ಕಾರಣ, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಾದ ಬೆಲೆ ಮುಂದಿನ ಗಿರಾಕಿಗೂ ಕಾಣುತ್ತದೆ, ಬ್ಯಾಂಕಿನ ಮೌಲ್ಯಮಾಪಕರಿಗೂ ಕಾಣುತ್ತದೆ. ನೂರು ಮನೆಗಳ ಬಡಾವಣೆಯಲ್ಲಿ ಒಂದಕ್ಕೆ ಇಳಿಸಿದರೆ ಉಳಿದದ್ದಕ್ಕೆಲ್ಲ ಅದೇ ಮಾದರಿಯಾಗುತ್ತದೆ. ಹಾಗಾಗಿ ಬೆಲೆಯನ್ನು ಎತ್ತರದಲ್ಲೇ ಇಟ್ಟು, ನೆಲಹಾಸು, ಹಿತ್ತಲಿನ ಹುಲ್ಲು, ವಕೀಲರ ಶುಲ್ಕ, ಸ್ಟ್ಯಾಂಪ್ ಡ್ಯೂಟಿಯ ಪಾಲು ಎಂದು ಬೇರೆ ದಾರಿಯಲ್ಲಿ ಕೊಡುತ್ತಾರೆ. ಹಳೆ ಮನೆಗೆ ತುಸು ಹೆಚ್ಚು ಕೊಡುವುದೂ ಅದೇ ಜಾತಿಯ ದಾರಿ. ನಿಮ್ಮ ಮೆಟ್ಟಿಲಿನ ಲೆಕ್ಕಕ್ಕೆ ಅದೇ ಅನುಕೂಲವಾಗಿದ್ದರೆ ಇಬ್ಬರ ಹಿತವೂ ಅಲ್ಲಿ ಕೂಡುತ್ತದೆ.

ಈ ಕೊಡುಗೆಗಳು ಬಿಲ್ಡರ್‌ಗಳಿಗೆ ಎಷ್ಟು ಗುಟ್ಟಿನ, ಎಷ್ಟು ಬೆಲೆಯ ಮಾಹಿತಿ ಎಂಬುದಕ್ಕೆ ಸಾರ್ವಜನಿಕ ದಾಖಲೆಯೇ ಇದೆ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2024ರಲ್ಲಿ ಎಂಟು ದೊಡ್ಡ ಬಿಲ್ಡರ್‌ಗಳ ಮೇಲೆ ತನಿಖೆ ತೆರೆಯಿತು. ಮಾರಾಟದ ಬೆಲೆ, ಗಿರಾಕಿಗಳಿಗೆ ಕೊಡುವ ಕೊಡುಗೆ ಮುಂತಾದ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದಾರೆಂಬ ಶಂಕೆ ಅದರದು. ತಪ್ಪೊಪ್ಪಿಕೊಳ್ಳದೆಯೇ ಆ ಕಂಪನಿಗಳು 2025ರಲ್ಲಿ ಕೈಗೆಟಕುವ ಮನೆಗಳ ಯೋಜನೆಗಳಿಗೆ 10 ಕೋಟಿ ಪೌಂಡ್ ಕೊಡಲು, ಅಂಥ ಮಾಹಿತಿ ಹಂಚಿಕೊಳ್ಳದಿರಲು ಮುಂದಾದವು. ಪಕ್ಕದ ಬಡಾವಣೆಯ ಬಿಲ್ಡರ್ ನಿಮಗೆ ಏನು ಕೊಡುತ್ತಿದ್ದಾರೆಂಬುದು ಇವರಿಗೆ ತಿಳಿಯುವ ಸರಿಯಾದ ದಾರಿ ನೀವೇ. ಅಲ್ಲಿಂದ ಬರೆಸಿಕೊಂಡು ಬಂದ ಪತ್ರಕ್ಕೆ ಬೆಲೆಯಿದೆ.

ಕೊಡುಗೆಗಳಿಗೂ ಮಿತಿಯಿದೆ. ಬಿಲ್ಡರ್ ಏನೇನು ಕೊಟ್ಟರೆಂಬುದನ್ನು ಬ್ಯಾಂಕುಗಳ ಸಂಘಟನೆಯಾದ ಯುಕೆ ಫೈನಾನ್ಸ್ ರೂಪಿಸಿದ ನಮೂನೆಯಲ್ಲಿ ಬರೆದು ಬ್ಯಾಂಕಿಗೆ ತಿಳಿಸಬೇಕು. ಪಾರ್ಟ್ ಎಕ್ಸ್‌ಚೇಂಜ್ ಇದ್ದರೆ ಅದನ್ನೂ. ಹಣರೂಪದ ಕೊಡುಗೆ ಬೆಲೆಯ ಶೇ 5 ದಾಟಿದರೆ ಹೆಚ್ಚಿನದನ್ನು ಅನೇಕ ಬ್ಯಾಂಕುಗಳು ಮನೆಯ ಬೆಲೆಯಿಂದ ಕಳೆದು ಸಾಲ ನಿರ್ಧರಿಸುತ್ತವೆ. ಯಾವುದನ್ನು ಹಣರೂಪ ಎಂದು ಎಣಿಸುತ್ತಾರೆಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ‘ಇದನ್ನು ಕಾಗದದಲ್ಲಿ ತೋರಿಸುವುದು ಬೇಡ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಕೊಸರು ಕೇಳುವ ಕಲೆ. ಅದರಲ್ಲಿ ನಮ್ಮವರಿಗೆ ಪಾಠ ಬೇಕಿಲ್ಲ, ಆದರೆ ಒಂದು ತಮಾಷೆ ಹೇಳಬೇಕು. ಮನೆಯ ಗೋಡೆಗೆ ವಿದ್ಯುತ್ ಕಾರಿನ ಚಾರ್ಜರ್ ಹಾಕಿಕೊಡುವುದನ್ನು ದೊಡ್ಡ ಉಡುಗೊರೆಯಂತೆ ಹೇಳುವ ಮಾರಾಟಗಾರರಿದ್ದಾರೆ. 2022ರ ಜೂನ್ 15ರಿಂದ ಇಂಗ್ಲೆಂಡಿನ ಕಟ್ಟಡ ನಿಯಮಗಳ ಪ್ರಕಾರ ಪಾರ್ಕಿಂಗ್ ಇರುವ ಹೊಸ ಮನೆಗೆ ಚಾರ್ಜರ್ ಕಡ್ಡಾಯ. 10 ವರ್ಷದ ವಾರಂಟಿಯನ್ನೂ ಕೊಡುಗೆಯ ಪಟ್ಟಿಯಲ್ಲಿ ಎಣಿಸಬೇಡಿ. ಎನ್‌ಎಚ್‌ಬಿಸಿಯಂಥ ಸಂಸ್ಥೆಯ ವಾರಂಟಿ ಇಲ್ಲದ ಹೊಸ ಮನೆಗೆ ಬ್ಯಾಂಕುಗಳು ಸಾಲ ಕೊಡುವುದೇ ಕಷ್ಟ. ಕೇಳಬೇಕಾದದ್ದು ನೀವು ಹೇಗೂ ಹಣ ಕೊಟ್ಟು ಮಾಡಿಸುವಂಥದ್ದನ್ನು. ನೆಲಹಾಸು ಅಂಥದ್ದು, ಏಕೆಂದರೆ ಬಹಳಷ್ಟು ಹೊಸ ಮನೆಗಳು ಬರಿಯ ನೆಲದೊಂದಿಗೆ ಬರುತ್ತವೆ. ಚದರಡಿಗೆ ಎಷ್ಟು ಬಿತ್ತು ಎಂದು ಕೇಳುವ ನಮ್ಮ ಊರಿನ ಅಭ್ಯಾಸವನ್ನೂ ಬಿಡಬೇಡಿ. ಅಲ್ಲಿ ಮಲಗುವ ಕೋಣೆಗಳ ಸಂಖ್ಯೆಯ ಮೇಲೆ ಬೆಲೆ ಹೇಳುವ ರೂಢಿ. ನಾಲ್ಕು ಕೋಣೆಯ ಹೊಸ ಮನೆ ಮೂರು ಕೋಣೆಯ ಹಳೆ ಮನೆಗಿಂತ ಚಿಕ್ಕದಾಗಿರುವುದುಂಟು.

ಯಾವ ಮನೆ, ಯಾವ ತಿಂಗಳು ಎಂಬುದರಿಂದ ನಿಮ್ಮ ಬಲ ಹೆಚ್ಚು ಕಡಿಮೆಯಾಗುತ್ತದೆ. ಷೇರುಪೇಟೆಯಲ್ಲಿರುವ ಬಿಲ್ಡರ್‌ಗಳಿಗೆ ವರ್ಷಾಂತ್ಯ, ಅರ್ಧವರ್ಷದ ಅಂತ್ಯಗಳೊಳಗೆ ಮಾರಾಟ ಪೂರ್ಣಗೊಂಡ ಮನೆಗಳ ಲೆಕ್ಕ ತೋರಿಸಬೇಕು. ಪರ್ಸಿಮನ್, ಟೇಲರ್ ವಿಂಪಿಗೆ ವರ್ಷ ಮುಗಿಯುವುದು ಡಿಸೆಂಬರ್‌ನಲ್ಲಿ; 2024ರಲ್ಲಿ ರೆಡ್ರೋ ಕಂಪನಿಯನ್ನು ಸೇರಿಸಿಕೊಂಡ ಬ್ಯಾರಟ್‌ಗೆ ಜೂನ್ ಕೊನೆಗೆ; ಬೆಲ್‌ವೇಗೆ ಜುಲೈ 31ಕ್ಕೆ. ಕಟ್ಟಿ ಮುಗಿದು ಖಾಲಿ ನಿಂತಿರುವ ಮನೆಯನ್ನು ಆ ದಿನಾಂಕದೊಳಗೆ ಪೂರ್ಣಗೊಳಿಸಬಲ್ಲ ಗಿರಾಕಿ ಅವರಿಗೆ ಬೇಕೇ ಬೇಕು. ವರ್ಷಾಂತ್ಯಕ್ಕೆ ಎರಡು ಮೂರು ತಿಂಗಳ ಮೊದಲು ಮಾತು ಆರಂಭಿಸಿ. ಕೊನೆಯ ವಾರ ಹೋದರೆ ಕಾಗದಪತ್ರ ಮುಗಿಯುವುದಿಲ್ಲ. ಬಡಾವಣೆಯ ಮೊದಲ ದಿನ ಸಾಲು ನಿಂತವರೆದುರು ಚೌಕಾಸಿ ನಡೆಯುವುದಿಲ್ಲ. ಉಳಿದ ಮೂರು ಮನೆಗಳಿಗಾಗಿ ಮಾರಾಟ ಕಚೇರಿ ತೆರೆದಿಟ್ಟುಕೊಂಡಿರುವಾಗ ನಡೆಯುತ್ತದೆ.

ಬೆಂಗಳೂರಿನ ಫ್ಲ್ಯಾಟ್ ಇಲ್ಲಿ ಏಕೆ ಬರುತ್ತದೆ

ಇಂಗ್ಲೆಂಡಿನಲ್ಲಿ ನೆಲೆಸಿ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಫ್ಲ್ಯಾಟ್ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ಭಾಗ. ಎರಡನೆಯ ಮನೆ ಕೊಳ್ಳುವವರಿಗೆ ಸ್ಟ್ಯಾಂಪ್ ಡ್ಯೂಟಿಯ ಮೇಲೆ ಹೆಚ್ಚುವರಿ ತೆರಿಗೆ ಇದೆ. 2024ರ ಅಕ್ಟೋಬರ್ 31ರಿಂದ ಅದು ಪೂರ್ತಿ ಬೆಲೆಯ ಶೇ 5, ಅಂದರೆ ನಮ್ಮ 4 ಲಕ್ಷದ ಮನೆಗೆ 20,000 ಪೌಂಡ್. ಜಗತ್ತಿನ ಯಾವ ಮೂಲೆಯಲ್ಲಿರುವ ವಾಸದ ಮನೆಯೂ ಲೆಕ್ಕಕ್ಕೆ ಬರುತ್ತದೆ, ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಮುಟ್ಟಿದ್ದರೆ ಸಾಕು. ಗಂಡ ಹೆಂಡತಿಯಲ್ಲಿ ಒಬ್ಬರ ಹೆಸರಿನಲ್ಲಿದ್ದರೂ ಇಬ್ಬರಿಗೂ ಅನ್ವಯಿಸುತ್ತದೆ.

ಆದರೆ ವಾಸವಿರುವ ಮುಖ್ಯ ಮನೆಯನ್ನು ಕೊಟ್ಟು ಇನ್ನೊಂದು ಮುಖ್ಯ ಮನೆ ಕೊಳ್ಳುವವರಿಗೆ ಈ ಹೆಚ್ಚುವರಿ ತೆರಿಗೆ ಇಲ್ಲ, ಬೆಂಗಳೂರಿನಲ್ಲಿ ಫ್ಲ್ಯಾಟ್ ಇದ್ದರೂ. ಪಾರ್ಟ್ ಎಕ್ಸ್‌ಚೇಂಜ್‌ನಲ್ಲಿ ಎರಡೂ ಒಂದೇ ದಿನ ಕೈ ಬದಲಾಗುವುದರಿಂದ ಇದು ತಾನಾಗಿ ಹೊಂದಿಕೊಳ್ಳುತ್ತದೆ. ಹಳೆಯದನ್ನು ಮಾರದೆ ಮೊದಲು ಹೊಸದು ಕೊಂಡರೆ 20,000 ಕಟ್ಟಬೇಕು, 3 ವರ್ಷದೊಳಗೆ ಹಳೆಯದು ಮಾರಾಟವಾದರೆ ವಾಪಸು ಕೇಳಬಹುದು. ಅಷ್ಟು ಹಣ ಕೈಯಲ್ಲಿಲ್ಲದವರಿಗೆ ಪಾರ್ಟ್ ಎಕ್ಸ್‌ಚೇಂಜ್‌ನ ಈ ಲಾಭವೂ ತೂಕಕ್ಕೆ ಬರಬೇಕು. ವ್ಯತ್ಯಾಸದ ಹಣದಲ್ಲಿ ಒಂದಿಷ್ಟನ್ನು ಊರಿನಿಂದ ಅಪ್ಪ ಅಮ್ಮ ಕಳಿಸುವುದಾದರೆ ಆ ಕೆಲಸವನ್ನು ಮೊದಲೇ ಆರಂಭಿಸಿ. ಭಾರತದಿಂದ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳಿಸಬಹುದು, 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಮೂಲದಲ್ಲೇ ತೆರಿಗೆ ವಸೂಲು ಮಾಡುತ್ತಾರೆ. ಅಲ್ಲಿನ ಸಾಲಿಸಿಟರ್ (ಮನೆ ವ್ಯವಹಾರ ನೋಡುವ ವಕೀಲರು) ಮತ್ತು ಬ್ಯಾಂಕ್ ಆ ಹಣದ ಮೂಲಕ್ಕೆ ದಾಖಲೆ ಕೇಳುತ್ತಾರೆ. ಮನೆ ಕಾದಿರಿಸಿದ ಮೇಲೆ ಕರಾರು ವಿನಿಮಯಕ್ಕೆ ಬಿಲ್ಡರ್ ಕೊಡುವುದು ಅನೇಕ ವೇಳೆ 28 ದಿನವಷ್ಟೆ.

ಸಹಿಯ ಮೊದಲು

ಒಪ್ಪಿದ ಅಂಕಿ ಕೊನೆಯ ಅಂಕಿಯಲ್ಲ. ಹಳೆ ಮನೆಯ ಸರ್ವೆ ಆಮೇಲೆ ನಡೆಯುತ್ತದೆ. ತೇವ, ಛಾವಣಿ, ಅನುಮತಿಪತ್ರ ಸಿಗದ ಹಿತ್ತಿಲ ಕೋಣೆ ಎಂದು ಏನಾದರೊಂದು ತೆಗೆದು ಐದು ಸಾವಿರ ಇಳಿಸುವ ಪ್ರಯತ್ನ ನಡೆಯಬಹುದು, ಅದೂ ನೀವು ಮನಸ್ಸಿನಲ್ಲೇ ಹೊಸ ಮನೆಗೆ ಪರದೆ ಆರಿಸುತ್ತಿರುವಾಗ. ಬಾಯ್ಲರ್ ಸರ್ವಿಸ್ ದಾಖಲೆ, ಕಿಟಕಿ ಬದಲಿಸಿದ ಪ್ರಮಾಣಪತ್ರ, ಕಟ್ಟಡ ವಿಸ್ತರಣೆಯ ಒಪ್ಪಿಗೆ ಎಲ್ಲವನ್ನೂ ಮೊದಲೇ ಒಂದು ಕಡತದಲ್ಲಿ ಹಾಕಿಡಿ. ಇಳಿಸಲೇಬೇಕೆಂದರೆ ಸರ್ವೆ ವರದಿಯ ಪ್ರತಿ ಕೇಳಿ, ದುರಸ್ತಿಗೆ ನೀವೇ ಒಂದು ಅಂದಾಜು ತರಿಸಿ, ಅದಕ್ಕಿಂತ ಒಂದು ಪೌಂಡ್ ಹೆಚ್ಚು ಬಿಡಬೇಡಿ.

ಬಿಲ್ಡರ್ ಸೂಚಿಸಿದ ಸಾಲಿಸಿಟರ್ ಬಳಿ ಹೋದರೆ ಬೇಗ ಆಗುತ್ತದೆ ಎನ್ನುತ್ತಾರೆ. ಇರಬಹುದು, ಆದರೆ ಅವರನ್ನೇ ಇಟ್ಟುಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ. ಹೊಸ ಮನೆ ಮಾರುವವರ ನಡಾವಳಿ ಸಂಹಿತೆಯಾದ ನ್ಯೂ ಹೋಮ್ಸ್ ಕ್ವಾಲಿಟಿ ಕೋಡ್‌ಗೆ ಒಪ್ಪಿದ ಬಿಲ್ಡರ್ ಆಗಿದ್ದರೆ ಮನೆ ಕಾದಿರಿಸಿದ 14 ದಿನಗಳೊಳಗೆ ಮನಸ್ಸು ಬದಲಾಯಿಸಿ ಶುಲ್ಕ ವಾಪಸು ಪಡೆಯಬಹುದು. ವ್ಯಾಜ್ಯ ಬಂದರೆ 2022ರಲ್ಲಿ ಆರಂಭವಾದ ನ್ಯೂ ಹೋಮ್ಸ್ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಬಡಾವಣೆಯ ರಸ್ತೆ, ಉದ್ಯಾನಗಳನ್ನು ಕೌನ್ಸಿಲ್ ವಹಿಸಿಕೊಳ್ಳುತ್ತದೆಯೇ ಅಥವಾ ವರ್ಷವರ್ಷ ನಿರ್ವಹಣಾ ಶುಲ್ಕ ಕಟ್ಟಬೇಕೇ ಎಂಬುದನ್ನು ನಿಮ್ಮ ಸಾಲಿಸಿಟರ್ ಈ ದಿನಗಳಲ್ಲೇ ಕಂಡುಕೊಳ್ಳಬೇಕು.

ಕರಾರು ವಿನಿಮಯವಾದ ಮೇಲೆ ಬಿಲ್ಡರ್ ನಿಮ್ಮ ಹಳೆ ಮನೆಯನ್ನು ನೀವು ಅದರಲ್ಲಿರುವಾಗಲೇ ಮಾರಾಟಕ್ಕೆ ಹಾಕಬಹುದು, ನೋಡಲು ಜನ ಬರಬಹುದು. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ಮೊದಲೇ ನಿಗದಿಪಡಿಸಿ. ಅದು ಅವರು ನಿಮಗೆ ಕೊಟ್ಟದ್ದಕ್ಕಿಂತ 15,000 ಹೆಚ್ಚಿಗೆ ಹೋದರೂ ನಿಮಗೆ ಪಾಲಿಲ್ಲ, ಕಡಿಮೆಗೆ ಹೋದರೆ ನಿಮಗೆ ನಷ್ಟವೂ ಇಲ್ಲ. ಕಟ್ಟಡ ತಡವಾದರೆ ಹಳೆ ಮನೆಯ ಒಪ್ಪಿದ ಬೆಲೆ ಎಷ್ಟು ದಿನ ಊರ್ಜಿತ, ಯಾವ ದಿನಾಂಕ ದಾಟಿದರೆ ನೀವು ಕರಾರಿನಿಂದ ಹೊರಬರಬಹುದು ಎಂಬುದು ಬರಹದಲ್ಲಿರಲಿ. ಕೀಲಿಕೈ ಪಡೆಯುವ ಮೊದಲು ನಿಮ್ಮದೇ ತಜ್ಞರಿಂದ ಹೊಸ ಮನೆಯ ತಪಾಸಣೆ ಮಾಡಿಸಲು ಆ ಕೋಡ್ ಅವಕಾಶ ಕೊಡುತ್ತದೆ. ಪಾರ್ಟ್ ಎಕ್ಸ್‌ಚೇಂಜ್‌ನಲ್ಲಿ ಅದೇ ದಿನ ಹಳೆ ಮನೆಯೂ ಕೈಬಿಡುವುದರಿಂದ ದಿನಾಂಕ ಮುಂದೂಡುವುದು ಕಷ್ಟ. ಆದ್ದರಿಂದ ತಪಾಸಣೆಯನ್ನು ಹಿಂದಿನ ದಿನಕ್ಕಲ್ಲ, ಆದಷ್ಟು ಮೊದಲೇ ಇಟ್ಟುಕೊಂಡು, ಸರಿಪಡಿಸಬೇಕಾದವುಗಳ ಪಟ್ಟಿಗೆ ಸೈಟ್ ಮ್ಯಾನೇಜರ್ ಸಹಿ ಹಾಕಿಸಿಕೊಳ್ಳಿ.